ನನ್ನಕ್ಕನ ಮನೆಯನ್ನು ಚರ್ಚ್ ಮಾಡಿದ ಇಲಾಖೆಗೆ

ನಗರ ಯೋಜನಾ ಇಲಾಖೆಯ ಮಾನ್ಯ ನಿರ್ದೇಶಕರೇ,

ನಮ್ಮ ಹಿತ್ತಲಲ್ಲಿ ನನ್ನಕ್ಕನಿಗಾಗಿ ಕಟ್ಟುತ್ತಿರುವ ಮನೆಯನ್ನು ನೀವು ಚರ್ಚ್ ಎಂದು ತೀರ್ಮಾನಿಸಿ ಕೆಲಸ ನಿಲ್ಲಿಸಿದ್ದೀರಿ. ಅದು ಚರ್ಚ್ ಅಲ್ಲ. ಎರಡು ಮಲಗುವ ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು ಇರುವ ಆರುನೂರು ಚದರಡಿಯ ಮನೆ. ಫೆಬ್ರವರಿಯಲ್ಲಿ ಅದಕ್ಕೆ ಪರವಾನಗಿ ಕೊಟ್ಟದ್ದು ನಿಮ್ಮದೇ ಇಲಾಖೆ. ಅದರ ನಕ್ಷೆಯನ್ನು ನಾವು ಆರಿಸಿಕೊಂಡದ್ದು ನೀವೇ ಅಚ್ಚು ಹಾಕಿಸಿ ಗ್ರಂಥಾಲಯದ ಬಾಗಿಲಲ್ಲಿ ಹಂಚಿದ ಪುಸ್ತಿಕೆಯಿಂದ. ಆ ಪುಸ್ತಿಕೆಯ ಮುಖಪುಟದಲ್ಲಿ ಬೆಳ್ಳಿಕೂದಲಿನ ಗಂಡಹೆಂಡತಿ ಇಂಥದೇ ಒಂದು ಪುಟ್ಟ ಮನೆಯ ಮುಂದೆ ಕೂತು ಕಾಫಿ ಕುಡಿಯುತ್ತಾ ನಗುತ್ತಿದ್ದಾರೆ. ಅವರ ಹಿಂದಿನ ಗೋಡೆಗೆ ದ್ರಾಕ್ಷಿ ಬಳ್ಳಿ ಹಬ್ಬಿದೆ. ಅವರನ್ನು ನೋಡಿ ಯಾರಿಗೂ ದೇವರ ನೆನಪಾಗಲಿಲ್ಲ ಎನ್ನುವುದೇ ನನಗೆ ಆಶ್ಚರ್ಯ.

ನಿಮಗೆ ನಾನು ಈಗಾಗಲೇ ಮೂರು ಸಲ ಬರೆದಿದ್ದೇನೆ. ಮೂರು ಸಲವೂ ನಿಮ್ಮ ಕಂಪ್ಯೂಟರ್ ನನಗೆ ವಂದನೆ ಹೇಳಿದೆ. ಅದರ ಸೌಜನ್ಯಕ್ಕೆ ನಾನು ಋಣಿ. ಮನುಷ್ಯರು ಯಾರಾದರೂ ಓದಲಿ ಎಂಬ ಆಸೆಯಿಂದ ಈ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಓದುಗರಿಗಾಗಿ ನಡೆದದ್ದನ್ನು ಹೇಳಿಬಿಡುತ್ತೇನೆ. ನಮ್ಮ ಚೆಮಾ ಮಾವ, ಅಂದರೆ ಅಮ್ಮನ ತಮ್ಮ, ಮೆಕ್ಸಿಕೋದಿಂದ ಬಂದು ಮೂವತ್ತು ವರ್ಷದಿಂದ ಈ ಊರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದಾರೆ. ಮೇ ಮೂರನೇ ತಾರೀಕು ಗಾರೆಯವರ ಹಬ್ಬ. ಅವತ್ತು ಮೆಕ್ಸಿಕೋದ ಮೇಸ್ತ್ರಿ ಎಲ್ಲೇ ಇರಲಿ, ತಾನು ಕಟ್ಟುತ್ತಿರುವ ಕಟ್ಟಡದ ಅತ್ಯಂತ ಎತ್ತರದ ಜಾಗದಲ್ಲಿ ಒಂದು ಮರದ ಶಿಲುಬೆ ಕಟ್ಟಿ, ಅದಕ್ಕೆ ಬಣ್ಣದ ಕಾಗದದ ಹೂ ಸುತ್ತುತ್ತಾನೆ. ಬಿದ್ದು ಸಾಯಬಾರದು, ಕಟ್ಟಿದ್ದು ಕುಸಿಯಬಾರದು, ಇಷ್ಟೇ ಬೇಡಿಕೆ. ಆಮೇಲೆ ಮನೆ ಕಟ್ಟಿಸುವವರು ಕೆಲಸದವರಿಗೆ ಊಟ ಹಾಕಬೇಕು. ಈ ಸಲ ಹಬ್ಬ ಭಾನುವಾರ ಬಂತು. ಗೋಡೆ ಎದ್ದಿತ್ತು, ಚಾವಣಿಯ ತೊಲೆಗಳು ಕೂತಿದ್ದವು. ಮಾವ ಹಲಗೆಯ ತುಂಡಿನಿಂದ ಶಿಲುಬೆ ಮಾಡಿ ತೊಲೆಗೆ ಬಿಗಿದರು. ಅಮ್ಮ ತಾಮ್ರದ ಹಂಡೆ ಇಳಿಸಿ ಹಂದಿಮಾಂಸ ಬೇಯಿಸಿದಳು. ಮಾವನ ಜೊತೆಗಾರರು, ಅವರ ಮನೆಯವರು, ಅಕ್ಕ, ಭಾವ, ಮಕ್ಕಳು ಎಲ್ಲ ಸೇರಿ ನಾವು ಹದಿನೇಳು ಜನ. ಉಂಡೆವು, ಹಾಡಿದೆವು, ಪಾತ್ರೆ ತೊಳೆದು ಮಲಗಿದೆವು.

ಬೇಲಿಯಾಚೆಯ ಮಹನೀಯರೊಬ್ಬರು ತಮ್ಮ ಮಹಡಿಯ ಕಿಟಕಿಯಿಂದ ಫೋಟೋ ತೆಗೆದು ನಿಮಗೆ ಕಳಿಸಿದರು. ಮರುದಿನವೇ ನಿಮ್ಮ ತಪಾಸಣೆಯವರು ಬಂದರು. ನಮ್ಮ ಬೀದಿಯ ದೀಪ ಕೆಟ್ಟಿದೆ ಎಂದು ಅಮ್ಮ ಕೊಟ್ಟ ದೂರಿಗೆ ಹೋದ ಬೇಸಿಗೆಯಿಂದ ಯಾರೂ ಬಂದಿಲ್ಲ ಎಂಬುದನ್ನು ಇಲ್ಲಿ ಎತ್ತುವುದಿಲ್ಲ. ನಾನು ಆಗ ಲಾಂಡ್ರಿ ಅಂಗಡಿಯಲ್ಲಿ ಕೆಲಸದಲ್ಲಿದ್ದೆ. ಮನೆಯಲ್ಲಿದ್ದದ್ದು ಮಾವ ಮತ್ತು ಅಮ್ಮ. ಬಂದವನು ವಯಸ್ಸಿನಲ್ಲಿ ಚಿಕ್ಕವನು, ಒಳ್ಳೆಯ ಹುಡುಗ ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ. ಮೇಲೆ ಕಟ್ಟಿರುವುದು ಏನೆಂದು ಅವನು ಕೇಳಿದ. ಹಬ್ಬದ ಶಿಲುಬೆ ಎಂದರು ಮಾವ.

"ಎಷ್ಟು ಜನ ಸೇರಿದ್ರು?"

"ಅರವತ್ತು. ಅರವತ್ತಕ್ಕೆ ಒಬ್ರೂ ಕಮ್ಮಿ ಇಲ್ಲ."

"ಪ್ರತಿ ವರ್ಷ ಸೇರ್ತೀರಾ?"

"ಸೇರ್ದೆ ಇರೋಕಾಗುತ್ತಾ ಸಾರ್? ನನ್ನ ಕೈಯಲ್ಲಿ ಕರಣಿ ಇರೋವರ್ಗೂ ಸೇರ್ತೀವಿ."

ಅಷ್ಟು ಹೊತ್ತಿಗೆ ಅಮ್ಮ ತಟ್ಟೆಗೆ ಮಾಂಸ, ಬೇಯಿಸಿದ ಕಾಳು, ಟೋರ್ಟಿಯಾ ರೊಟ್ಟಿ ಹಾಕಿ ಮೇಲೆ ಬೆಳ್ಳಿ ಕಾಗದ ಮುಚ್ಚಿ ಹೊರಗೆ ಬಂದಳು. ಬೆಳಿಗ್ಗೆಯಿಂದ ನೀನು ಏನೂ ತಿಂದಿರಲಿಕ್ಕಿಲ್ಲ, ತಗೊಂಡು ಹೋಗಪ್ಪಾ ಎಂದು ಅವನ ಕೈಗಿಟ್ಟಳು. ಅವನು ಬೇಡವೆನ್ನಲಿಲ್ಲ, ಮರ್ಯಾದಸ್ಥ. ಮುಂದಿನ ವಾರ ಬಂದ ನಿಮ್ಮ ಆದೇಶದಲ್ಲಿ ಹೀಗಿತ್ತು: ಕಟ್ಟಡದ ಮೇಲೆ ಧಾರ್ಮಿಕ ಲಾಂಛನವಿದೆ, ಅರವತ್ತು ಜನರ ಸಭೆ ನಿಯಮಿತವಾಗಿ ನಡೆಯುತ್ತದೆ, ಸ್ಥಳದಲ್ಲಿ ಆಹಾರ ವಿತರಿಸಲಾಗುತ್ತದೆ. ಆದ್ದರಿಂದ ಇದು ಹೆಚ್ಚುವರಿ ವಾಸದ ಮನೆಯಾಗದೆ ಸಾರ್ವಜನಿಕ ಆರಾಧನೆಯ ಸ್ಥಳವಾಗಿದ್ದು, ಹನ್ನೆರಡು ಕಾರು ನಿಲ್ಲಿಸುವ ಜಾಗ, ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ ಶೌಚಾಲಯ, ದೀಪ ಉರಿಯುವ ನಿರ್ಗಮನ ಫಲಕಗಳು ಬೇಕು. ಅಲ್ಲಿಯವರೆಗೆ ಕೆಲಸ ನಿಲ್ಲಿಸತಕ್ಕದ್ದು.

ಮಾನ್ಯರೇ, ಹನ್ನೆರಡು ಕಾರಿಗೆ ನಮ್ಮಲ್ಲಿ ಜಾಗವಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಅಮ್ಮನ ಮನೆಯನ್ನೂ ಅಕ್ಕನ ಮನೆಯನ್ನೂ ಕೆಡವಿ ನೆಲ ಸಮ ಮಾಡಿದರೆ ಧಾರಾಳವಾಗಿ ಹಿಡಿಯುತ್ತವೆ. ನಿಮ್ಮ ಇಲಾಖೆಗೆ ಅದು ಆದರ್ಶ ನಿವೇಶನವಾಗಿ ಕಂಡೀತು.

ಆದೇಶ ಓದಿದ ದಿನ ನಾನು ಮಾವನ ಮೇಲೆ ಹರಿಹಾಯ್ದೆ. ಬಂದದ್ದು ಹದಿನೇಳು ಜನ, ಹದಿನೇಳು ಅಂತ ಹೇಳಲು ನಿಮಗೇನಾಗಿತ್ತು ಎಂದು ಕೇಳಿದೆ. ಮಾವ ನನ್ನನ್ನು ಬುದ್ಧಿಮಾಂದ್ಯಳನ್ನು ನೋಡುವಂತೆ ನೋಡಿದರು.

"ಹದಿನೇಳು ಜನ ಬಂದ್ರು ಅಂತ ಸರ್ಕಾರದವನ ಮುಂದೆ ಹೇಳ್ಲಾ? ನಿಮ್ಮಮ್ಮನ ಮಾನ ಏನಾಗ್ಬೇಕೇ? ಒಂದು ಹಂಡೆ ಮಾಂಸ ಮಾಡಿ ಹದಿನೇಳು ಜನನ್ನ ಕರ್ದ್ಲು ಅಂತ ಊರೆಲ್ಲ ಆಡ್ಕೊಳ್ಳೋಕಾ?"

ನಿಮಗೆ ಇದು ಅರ್ಥವಾಗುವುದು ಕಷ್ಟ. ನಿಮ್ಮ ಮನೆಗೆ ಎಷ್ಟು ಜನ ಬಂದಿದ್ದರು ಎಂದು ಕೇಳಿದರೆ ನೀವು ನಿಜವಾದ ಸಂಖ್ಯೆಯನ್ನೇ ಹೇಳುತ್ತೀರಿ, ಬಹುಶಃ ಸ್ವಲ್ಪ ಕಡಿಮೆ ಮಾಡಿ. ನಮ್ಮಲ್ಲಿ ಹಬ್ಬಕ್ಕೆ ಬಂದವರ ಲೆಕ್ಕ ಕೇಳಿದರೆ ಮೂರರಿಂದ ಗುಣಿಸಿ ಮೇಲೊಂದಿಷ್ಟು ಸೇರಿಸುವುದು ಶಿಷ್ಟಾಚಾರ. ಕೇಳಿದವನೂ ಮನಸ್ಸಿನಲ್ಲೇ ಮೂರರಿಂದ ಭಾಗಿಸಿಕೊಳ್ಳುತ್ತಾನೆ. ಯಾರಿಗೂ ಮೋಸವಿಲ್ಲ. ಈ ಊರಿನ ಅರ್ಧಕ್ಕಿಂತ ಹೆಚ್ಚು ಜನ ಹೀಗೆ ಮಾತಾಡುವವರು. ಆ ಅರ್ಧ ಊರಿಗೆ ಯೋಜನೆ ಹಾಕುವ ಇಲಾಖೆಯಲ್ಲಿ ಭಾಗಿಸಲು ಬರುವವರು ಒಬ್ಬರೂ ಇಲ್ಲವೇ?

ನಿಮ್ಮ ಕಚೇರಿಯ ಕಿಟಕಿಗೆ ನಾನೇ ಬಂದೆ. ಅಲ್ಲಿ ಕೂತ ಹೆಂಗಸು ಸೌಮ್ಯವಾಗಿಯೇ ವಿವರಿಸಿದರು. ಅರವತ್ತು ಎಂದು ತುಂಬಿದ ಕೂಡಲೇ ಕಂಪ್ಯೂಟರ್ ಅರ್ಜಿಯನ್ನು ವಾಸದ ವಿಭಾಗದಿಂದ ಸಭಾಸ್ಥಳಗಳ ವಿಭಾಗಕ್ಕೆ ತಾನಾಗಿ ಎತ್ತಿ ಹಾಕುತ್ತದಂತೆ. ಹಾಗಾದರೆ ವಾಪಸ್ ಹಾಕಿ ಎಂದೆ.

"ವಾಪಸ್ ಹಾಕೋಕೆ ಸಾರ್ವಜನಿಕ ವಿಚಾರಣೆ ಆಗ್ಬೇಕಮ್ಮಾ."

"ಹಿತ್ತಲ ಮನೆಗೆ ವಿಚಾರಣೆ ಮಾಡಬಾರದು ಅಂತ ರಾಜ್ಯದ ಕಾನೂನೇ ಇದೆಯಲ್ಲ."

"ಇದು ಹಿತ್ತಲ ಮನೆ ಅಲ್ವಲ್ಲಮ್ಮಾ. ಚರ್ಚು."

"ಚರ್ಚ್ ಅಲ್ಲ ಅಂತ ಹೇಳೋಕೇ ತಾನೇ ಬಂದಿರೋದು."

"ಅದನ್ನೇ ವಿಚಾರಣೇಲಿ ಹೇಳಿ. ಸೆಪ್ಟೆಂಬರಲ್ಲಿ ಒಂದು ದಿನ ಖಾಲಿ ಇದೆ."

ಚರ್ಚ್ ಅಲ್ಲವೆಂದು ಸಾಬೀತು ಮಾಡಬೇಕಾದರೆ ಮೊದಲು ಚರ್ಚ್ ಎಂದು ಒಪ್ಪಿಕೊಂಡು ಅರ್ಜಿ ಹಾಕಬೇಕು. ಇದನ್ನು ಕಂಡುಹಿಡಿದವರಿಗೆ ನಿಮ್ಮ ಇಲಾಖೆ ಬಡ್ತಿ ಕೊಟ್ಟಿರಬೇಕು. ಇಲ್ಲದಿದ್ದರೆ ಅನ್ಯಾಯ.

ಈಗ ನಿಮ್ಮನ್ನು ನೇರವಾಗಿ ಕೇಳುತ್ತೇನೆ. ಇದು ದಡ್ಡತನವೇ, ಜಾಣತನವೇ? ನಾನು ಕಾಲೇಜಿನಲ್ಲಿ ನಗರ ಯೋಜನೆ ಓದಿದವಳಲ್ಲ. ಲಾಂಡ್ರಿಯಲ್ಲಿ ಬಟ್ಟೆ ಒಣಗುವಷ್ಟು ಹೊತ್ತು ಬಾಡಿಗೆದಾರರ ಸಂಘದವರು ಬೆಂಚಿನ ಮೇಲೆ ಇಟ್ಟುಹೋಗುವ ಕರಪತ್ರಗಳನ್ನು ಓದುತ್ತೇನೆ. ಅವು ಮುಗಿದರೆ ರಾಜ್ಯ ಸರ್ಕಾರ ಅಚ್ಚು ಹಾಕಿಸಿದ ಕೈಪಿಡಿಗಳನ್ನು ಓದುತ್ತೇನೆ. ಅಷ್ಟರಿಂದಲೇ ನನಗೆ ತಿಳಿದದ್ದು ಇದು. ಒಂದು ನಿವೇಶನಕ್ಕೆ ಒಂದೇ ಮನೆ, ಒಂದು ಮನೆಗೆ ಒಂದೇ ಸಂಸಾರ ಎಂಬ ನಿಯಮ ಭೂಮಿಯ ಗುಣದಿಂದ ಹುಟ್ಟಿದ್ದಲ್ಲ. ಯಾವ ಮೈಬಣ್ಣದವರು ಯಾವ ಬೀದಿಯಲ್ಲಿ ಇರಬಾರದು ಎಂದು ಒಂದು ಕಾಲದಲ್ಲಿ ಮನೆಯ ಕ್ರಯಪತ್ರಗಳಲ್ಲೇ ಬರೆಯುತ್ತಿದ್ದರು. ಹಾಗೆ ಬರೆಯುವಂತಿಲ್ಲ ಎಂದು ನ್ಯಾಯಾಲಯ ಹೇಳಿದ ಮೇಲೆ ಅದೇ ಮಾತನ್ನು ಅಡಿಗಳಲ್ಲಿ, ಗಜಗಳಲ್ಲಿ ಬರೆಯಲು ಕಲಿತರು. ಇಷ್ಟು ದೊಡ್ಡ ಅಂಗಳ, ಇಷ್ಟು ಅಗಲದ ಗಡಿ, ಇಷ್ಟು ಕಾರಿಗೆ ಜಾಗ. ಅಡಿಗೆ ಬಣ್ಣವಿಲ್ಲವಲ್ಲ, ಯಾರು ಆಕ್ಷೇಪಿಸುತ್ತಾರೆ?

ಅದರ ಫಲ ಏನಾಯಿತು ಎಂದು ಚೆಮಾ ಮಾವನನ್ನು ಕೇಳಿ. ಈ ಊರಿನಲ್ಲಿ ಅವರು ಕದ್ದು ಕಟ್ಟಿದ ಮನೆಗಳು ಎಷ್ಟೋ. ಕಾರಿನ ಶೆಡ್ಡಿಗೆ ಒಳಗಿಂದ ಗೋಡೆ ಕೊಟ್ಟು, ಕಿಟಕಿಗೆ ಕಪ್ಪು ಬಣ್ಣ ಬಳಿದು, ಹೊರಗಿನಿಂದ ಶೆಡ್ಡಿನ ಹಾಗೇ ಕಾಣುವಂತೆ ಮಾಡಿ ಕೊಡುವುದು ಅವರ ಕಸುಬಾಗಿತ್ತು. ಅದರೊಳಗೆ ಒಂದೊಂದು ಸಂಸಾರ. ಮಗು ಅತ್ತರೆ ಬಾಯಿಗೆ ಕೈ ಹಿಡಿಯಬೇಕು. ಬೆಂಕಿ ಬಿದ್ದರೆ ಹೊರಗೆ ಬರಲು ಒಂದೇ ಬಾಗಿಲು, ಅದೂ ಮೇಲಕ್ಕೆ ಎತ್ತುವಂಥದು. ಈ ಊರಿನಲ್ಲಿ ಮನೆಗಳ ಅಭಾವವನ್ನು ನೀಗಿಸಿದ್ದು ಇಷ್ಟು ವರ್ಷ ಹೀಗೆ. ನಿಮ್ಮ ಇಲಾಖೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಾಣದಂತೆ ಬದುಕುವವರ ಬಗ್ಗೆ ನಿಮಗೆ ತಕರಾರು ಇರಲಿಲ್ಲ.

ಕೊನೆಗೆ ನಮ್ಮ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಯಾರಿಗೋ ಬುದ್ಧಿ ಬಂತು. ನಿಯಮ ಸಡಿಲವಾಯಿತು. ಬೇಲಿಯಿಂದ ನಾಲ್ಕು ಅಡಿ ಬಿಟ್ಟರೆ ಸಾಕು, ಬೇರೆ ವಿಚಾರಣೆ ಬೇಡ, ಅರ್ಜಿಗೆ ಎರಡು ತಿಂಗಳೊಳಗೆ ಉತ್ತರ ಕೊಡಬೇಕು. ಅದರಿಂದ ಏನಾಯಿತು ಎಂದು ನೋಡಲು ನಮ್ಮ ಬೀದಿಗೇ ಬನ್ನಿ. ಮೂಲೆಯ ಮನೆಯ ಕ್ಷೌರಿಕ ತನ್ನ ಹಿತ್ತಲಲ್ಲಿ ಕಟ್ಟಿದ ಮನೆಯ ಬಾಡಿಗೆಯಿಂದ ತನ್ನ ಸಾಲದ ಕಂತು ಕಟ್ಟುತ್ತಿದ್ದಾನೆ, ಬಾಡಿಗೆಗೆ ಬಂದ ಶಾಲೆಯ ಮೇಷ್ಟ್ರು ಮೊದಲ ಸಲ ತಾವು ಪಾಠ ಹೇಳುವ ಊರಿನಲ್ಲೇ ಮಲಗುತ್ತಿದ್ದಾರೆ. ಎದುರು ಮನೆಯವರು ಕಾಲು ಕಳೆದುಕೊಂಡ ಅಣ್ಣನಿಗೆ ಮೆಟ್ಟಿಲಿಲ್ಲದ ಮನೆ ಕಟ್ಟಿಕೊಟ್ಟರು. ಸರ್ಕಾರ ಒಂದು ಇಟ್ಟಿಗೆ ಇಡಲಿಲ್ಲ. ಅಡ್ಡ ಹಿಡಿದಿದ್ದ ಕೈಯನ್ನು ತೆಗೆಯಿತು, ಅಷ್ಟೇ. ಜನ ತಾವೇ ಕಟ್ಟಿಕೊಂಡರು. ಕಪ್ಪು ಬಣ್ಣ ಬಳಿಯದ ಕಿಟಕಿಗಳನ್ನು ಇಡುವಾಗ ಮಾವನ ಮುಖ ನೋಡಬೇಕಿತ್ತು ನೀವು.

ನನಗೂ ಈ ಕಾನೂನಿನ ಮೇಲೆ ಸಿಟ್ಟಿದೆ. ಹಿತ್ತಲಿದ್ದವರಿಗೆ ಮಾತ್ರ ಅದು ಕೊಡುತ್ತದೆ. ಹಿತ್ತಲೇ ಇಲ್ಲದವರು ಎಲ್ಲಿ ಹೋಗಬೇಕು ಎಂದು ಅದರ ಯಾವ ಪುಟದಲ್ಲೂ ಇಲ್ಲ. ಆ ಜಗಳವನ್ನು ನಾನು ಸ್ಯಾಕ್ರಮೆಂಟೊದವರ ಜೊತೆ ಇನ್ನೊಂದು ದಿನ ಆಡುತ್ತೇನೆ. ನಿಮ್ಮ ಜೊತೆಗಿನ ಜಗಳ ಬೇರೆ. ಕೊಟ್ಟ ಇಷ್ಟನ್ನೂ ನೀವು ಬಾಗಿಲಲ್ಲೇ ನಿಂತು ಕಿತ್ತುಕೊಳ್ಳುತ್ತಿದ್ದೀರಿ. ಮೊದಲು ಕಾರಿಗೆ ಜಾಗವಿಲ್ಲ ಎಂದಿರಿ, ರಾಜ್ಯ ಅದನ್ನು ಕಿತ್ತುಹಾಕಿತು. ಆಮೇಲೆ ಬಡಾವಣೆಯ ಸ್ವಭಾವ ಕೆಡುತ್ತದೆ ಎಂದಿರಿ, ಅದನ್ನೂ ಕಿತ್ತುಹಾಕಿತು. ಈಗ ದೇವರನ್ನು ಕರೆತಂದಿದ್ದೀರಿ. ಇನ್ನು ಅವನ ಮೇಲೆ ಯಾರು ಕಾನೂನು ಮಾಡಬೇಕು?

ಇನ್ನು ಆ ಬೇಲಿಯಾಚೆಯ ಮಹನೀಯರ ವಿಷಯ. ಅವರ ಹಿತ್ತಲಲ್ಲೂ ಒಂದು ಪುಟ್ಟ ಮನೆಯಿದೆ. ಅದೇ ಸಡಿಲವಾದ ನಿಯಮದಿಂದ ಬಂದದ್ದು, ನೀವೇ ಪರವಾನಗಿ ಕೊಟ್ಟದ್ದು. ಅಲ್ಲಿ ಯಾರೂ ವಾಸವಿಲ್ಲ. ವಾರಾಂತ್ಯಕ್ಕೊಂದು ಗುಂಪು ದುಡ್ಡು ಕೊಟ್ಟು ಬಂದು, ಬಿಸಿನೀರಿನ ತೊಟ್ಟಿಯಲ್ಲಿ ಕೂತು ಬೆಳತನಕ ಹಾಡುತ್ತದೆ. ಅವರನ್ನು ಎಣಿಸಲು ನೀವು ಯಾರನ್ನೂ ಕಳಿಸಿಲ್ಲ. ಅವರಿಗೆ ಪ್ರತ್ಯೇಕ ಶೌಚಾಲಯವಿದೆಯೇ ಎಂದು ಕೇಳಿಲ್ಲ. ಅದು ಸಭೆಯಲ್ಲ, ಪ್ರವಾಸೋದ್ಯಮ. ನಾವು ಕೂಡ ಶಿಲುಬೆಯ ಬದಲು ಒಂದು ಬಿಸಿನೀರಿನ ತೊಟ್ಟಿ ಇಟ್ಟಿದ್ದರೆ ಇಷ್ಟು ಹೊತ್ತಿಗೆ ಮನೆ ಮುಗಿದಿರುತ್ತಿತ್ತು.

ಮತ್ತೊಂದು ವಿಷಯವನ್ನು ನಿಮ್ಮ ಗಮನಕ್ಕೆ ತರುವುದು ನಾಗರಿಕಳಾಗಿ ನನ್ನ ಕರ್ತವ್ಯ. ನಿಮ್ಮ ಇಲಾಖೆಗೆಂದು ಪುರಭವನದ ಹಿಂದೆ ಹೊಸ ಕಟ್ಟಡ ಏಳುತ್ತಿದೆ. ಅಲ್ಲಿನ ಗಾರೆಯವರೂ ನಮ್ಮವರೇ. ಮೇ ಮೂರರಂದು ಅವರು ಕಬ್ಬಿಣದ ಸರಳಿನಲ್ಲಿ ಆಳೆತ್ತರದ ಶಿಲುಬೆ ಮಾಡಿ ಐದನೇ ಅಂತಸ್ತಿನ ತುದಿಗೆ ಬೆಸೆದಿದ್ದಾರೆ. ನಾನು ಹೋಗಿ ನೋಡಿದೆ. ಕಾಗದದ ಹೂ ಬಿಸಿಲಿಗೆ ಬಿಳಚಿವೆ, ಶಿಲುಬೆ ಗಟ್ಟಿಯಾಗಿದೆ. ನಿಮ್ಮ ಈಗಿನ ಕೋಣೆಯ ಕಿಟಕಿಯಿಂದ ಕತ್ತೆತ್ತಿದರೆ ಕಾಣುತ್ತದೆ. ಆ ಕಟ್ಟಡದಲ್ಲಿ ಅರವತ್ತಕ್ಕಿಂತ ಹೆಚ್ಚು ಕೆಲಸದವರು ಪ್ರತಿದಿನ ಸೇರುತ್ತಾರೆ, ಊಟವೂ ಮಾಡುತ್ತಾರೆ. ಅದಕ್ಕೆ ಕೆಲಸ ನಿಲ್ಲಿಸುವ ಆದೇಶ ಯಾವಾಗ ಹೊರಡುತ್ತದೆ? ಅಥವಾ ನಿಮ್ಮನ್ನು ಇನ್ನು ಮುಂದೆ ಪಾದ್ರಿಗಳೇ ಎಂದು ಕರೆಯಬೇಕೇ?

ವ್ಯಂಗ್ಯ ಸಾಕು. ಅಕ್ಕನ ಮಾತು ಹೇಳುತ್ತೇನೆ. ಅವಳ ಹೆಸರು ನಾಯೆಲಿ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಯಾ ಕೆಲಸ ಮಾಡುತ್ತಾಳೆ, ಹಗಲು ನರ್ಸಿಂಗ್ ಓದುತ್ತಾಳೆ. ಭಾವ ಉಗ್ರಾಣದಲ್ಲಿ ಬೆಳಗಿನ ಜಾವಕ್ಕೇ ಹೋಗಬೇಕು. ಅವರ ಎರಡು ಮಕ್ಕಳು ರಾತ್ರಿ ನಮ್ಮಮ್ಮನ ಹತ್ತಿರ ಮಲಗುವುದರಿಂದ ಇದೆಲ್ಲ ನಡೆಯುತ್ತಿದೆ. ಅವರಿದ್ದ ಕಟ್ಟಡ ಕೈ ಬದಲಾಯಿತು. ಹೊಸ ಮಾಲೀಕ ಎಲ್ಲರನ್ನೂ ಬಿಡಿಸುತ್ತಿದ್ದಾನೆ. ಈ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಅವಳು ಕೊಡಬಹುದಾದ ಬಾಡಿಗೆಗೆ ಈ ಊರಿನಲ್ಲಿ ಒಂದು ಕೋಣೆಯೂ ಸಿಗುವುದಿಲ್ಲ. ಭಾವನ ಚಿಕ್ಕಪ್ಪನ ಮಗ ಪಕ್ಕದ ರಾಜ್ಯ ನೆವಾಡಾದ ಮರಳುಗಾಡಿನಲ್ಲಿ ಮನೆ ನೋಡಿಟ್ಟಿದ್ದಾನೆ. ಅಲ್ಲಿಗೆ ಹೋದರೆ ರಾತ್ರಿ ಮಕ್ಕಳನ್ನು ನೋಡುವವರಿಲ್ಲ. ಅಂದರೆ ಪಾಳಿಯಿಲ್ಲ, ಓದಿಲ್ಲ. ಇನ್ನೊಂದು ವರ್ಷ ಓದಿದರೆ ನರ್ಸ್ ಆಗುತ್ತಾಳೆ. ಅದು ನಿಮ್ಮ ಕಂಪ್ಯೂಟರಿನ ಯಾವ ವಿಭಾಗಕ್ಕೂ ಬರುವುದಿಲ್ಲ.

ಆದೇಶ ಬಂದ ಮೇಲೆ ಅಮ್ಮ ಅವಳಿಗೆ, ಬಂದು ನಮ್ಮ ಹಜಾರದಲ್ಲೇ ಇರಿ, ಹೇಗೋ ಆಗುತ್ತದೆ ಎಂದಳು. ನಮ್ಮದು ಎರಡೇ ಕೋಣೆಯ ಮನೆ. ಒಂದರಲ್ಲಿ ಅಮ್ಮ ಮತ್ತು ನಾನು, ಇನ್ನೊಂದರಲ್ಲಿ ಮಾವ.

"ಹಜಾರದಲ್ಲಿ ಮೂರು ವಾರ ಮಲಗ್ತೀನಮ್ಮಾ," ಎಂದಳು ಅಕ್ಕ. "ಮನೆ ಮುಗಿಯುತ್ತೆ ಅಂತ ಯಾರಾದ್ರೂ ಹೇಳ್ಲಿ, ಮೂರು ತಿಂಗಳು ಬೇಕಾದ್ರೂ ಮಲಗ್ತೀನಿ. ಮುಗಿಯುತ್ತೋ ಇಲ್ವೋ ಗೊತ್ತಿಲ್ದೆ ಮಕ್ಕಳನ್ನ ನೆಲದ ಮೇಲೆ ಹಾಕ್ಕೊಂಡು ಕಾಯೋಕೆ ನನ್ ಕೈಲಾಗಲ್ಲ."

ಅವಳು ಅಳಲಿಲ್ಲ. ಆಸ್ಪತ್ರೆಯ ಅಂಗಿಯನ್ನು ಇಸ್ತ್ರಿ ಮಾಡಿಕೊಂಡು ಪಾಳಿಗೆ ಹೋದಳು. ಮಾವ ಮಾತ್ರ ಅವತ್ತು ಊಟ ಮಾಡಲಿಲ್ಲ. ಮರುದಿನ ಏಣಿ ಹಾಕಿ ಶಿಲುಬೆ ಬಿಚ್ಚಲು ಹೋದರು. ಮುಗಿಯದ ಮನೆಯಿಂದ ಅದನ್ನು ಇಳಿಸಬಾರದು, ಮನೆಗೆ ಒಳ್ಳೆಯದಲ್ಲ ಎಂದು ನಂಬಿದವರು ಅವರು. ಅಮ್ಮ ಕೆಳಗೆ ನಿಂತು, ಅದು ಅಲ್ಲೇ ಇರಲಿ, ಇಳಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ ಎಂದಳು. ಮಾವ ಏಣಿಯ ಅರ್ಧದಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ಇಳಿದುಬಂದರು. ಇಳಿಸಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಆ ಮಾತನ್ನೂ ನಿಮ್ಮ ಕಿಟಕಿಯಲ್ಲಿ ಕೇಳಿ ನೋಡಿದ್ದೆ. ಲಾಂಛನ ತೆಗೆದರೂ ಅರವತ್ತು ಅರವತ್ತೇ ಅಂತೆ.

ಉಳಿದಿರುವ ಕೆಲಸ ಮೂರು ವಾರದ್ದು. ಚಾವಣಿಯ ಹೊದಿಕೆ ಹಾಕಬೇಕು, ತಂತಿ ಎಳೆಯಬೇಕು, ಗೋಡೆಗೆ ಬಣ್ಣ ಹೊಡೆಯಬೇಕು. ಸಾಮಾನೆಲ್ಲ ಟಾರ್ಪಾಲಿನ ಕೆಳಗೆ ತಯಾರಿದೆ. ಮಾವನ ಜೊತೆಗಾರರು ಕೂಲಿ ಆಮೇಲೆ ನೋಡೋಣ ಎಂದಿದ್ದಾರೆ. ನಡುವೆ ಇರುವುದು ನಿಮ್ಮ ಒಂದು ಸಹಿ. ಪರವಾನಗಿ ಕೊಟ್ಟ ಕೈಯೇ ಅದನ್ನು ಹಾಕಬಹುದು. ವಿಚಾರಣೆ ಬೇಡ, ಸೆಪ್ಟೆಂಬರ್ ಬೇಡ, ರಾಜ್ಯದ ಕಾನೂನು ಹಾಗೆಯೇ ಹೇಳುತ್ತದೆ. ತಪ್ಪಾಯಿತು ಎಂದು ಬರೆಯಿರಿ ಎಂದೂ ನಾನು ಕೇಳುತ್ತಿಲ್ಲ. ಇಲಾಖೆಗಳಿಗೆ ಆ ಪದವನ್ನು ಬರೆಯಲು ಬರುವುದಿಲ್ಲ ಎಂಬುದನ್ನು ನಾನು ಬಲ್ಲೆ. ಆದೇಶ ಹಿಂಪಡೆಯಲಾಗಿದೆ ಎಂದಷ್ಟೇ ಬರೆಯಿರಿ, ಸಾಲದಿದ್ದರೆ ಯಾವ ಕಾರಣವನ್ನಾದರೂ ಕಟ್ಟಿಕೊಳ್ಳಿ. ಕಾರಣ ಕಟ್ಟುವುದರಲ್ಲಿ ನಿಮ್ಮವರು ನಮ್ಮ ಮಾವನಿಗಿಂತ ವೇಗ.

ಅಕ್ಕ ಸಾಮಾನು ಸಾಗಿಸಲು ಲಾರಿ ಗೊತ್ತು ಮಾಡಿದ್ದಾಳೆ. ಬರುವ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅದು ಅವಳ ಮನೆ ಬಾಗಿಲಿಗೆ ಬರುತ್ತದೆ. ಎಲ್ಲಿಗೆ ಹೋಗಬೇಕು ಎಂದು ಚಾಲಕ ಎರಡು ಸಲ ಕೇಳಿದ್ದಾನೆ. ಅವತ್ತೇ ಹೇಳುತ್ತೇನೆ ಎಂದಿದ್ದಾಳೆ. ನಮ್ಮ ಬೀದಿಗಾದರೆ ಹತ್ತು ನಿಮಿಷದ ದಾರಿ. ನೆವಾಡಾಕ್ಕಾದರೆ ಒಂದು ದಿನದ್ದು, ಮತ್ತೆ ವಾಪಸ್ ಬರುವ ದಾರಿ ಯಾರೂ ಅಳೆದಿಲ್ಲ.

ಶನಿವಾರ ನಿಮ್ಮ ಕಚೇರಿಗೆ ರಜೆ, ಗೊತ್ತು. ಅದಕ್ಕೇ ಕಚೇರಿಗೆ ಬರುವುದಿಲ್ಲ, ನೀವೇ ನಮ್ಮ ಹಿತ್ತಲಿಗೆ ಬನ್ನಿ. ಬಾಗಿಲು ಯಾವುದು, ಒಲೆ ಎಲ್ಲಿ, ಮಕ್ಕಳ ಮಂಚ ಯಾವ ಗೋಡೆಗೆ ಎಂದು ತೋರಿಸುತ್ತೇವೆ. ಪೆನ್ನು ಮರೆಯಬೇಡಿ. ನಾನು, ಅಮ್ಮ, ಮಾವ, ಅಕ್ಕ ನಾಲ್ವರೂ ಗೇಟಿನ ಹತ್ತಿರವೇ ಇರುತ್ತೇವೆ. ಬರುವ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ.

ಇಂತಿ,
ನಿಮ್ಮಿಂದ ಮನುಷ್ಯರ ಉತ್ತರವನ್ನು ಇನ್ನೂ ನಿರೀಕ್ಷಿಸುವಷ್ಟು ಚಿಕ್ಕ ವಯಸ್ಸಿನ,
ಸಿತ್ಲಾಲಿ ಆರ್ಯೋಲಾ